ಒಂದು ಮೊಳ ಸುರಗಿ

ನಮ್ಮ ಮನೆಗೆ ವಸಂತ ಎರಡು ಬಾಗಿಲಿಂದ ಬರುತ್ತಿತ್ತು. ಮುಂಬಾಗಿಲಿಂದ ವಾರ್ನಿಷ್ ವಾಸನೆ, ಹಿಂಬಾಗಿಲಿಂದ ಸುರಗಿಯ ಪರಿಮಳ. ಕೊಪ್ಪ ಪೇಟೆಗೆ ತಾಗಿಕೊಂಡಿರುವ ಬಾಳಗಡಿಯಲ್ಲಿ ನಮ್ಮದು ಮೂರು ಕೋಣೆಯ ಮನೆ. ಮುಂದುಗಡೆ ತಗಡು ಹೊದಿಸಿದ ಶೆಡ್ಡಿನಲ್ಲಿ ಅಪ್ಪ ಸುಟ್ಟುಹೋದ ಪಂಪುಗಳ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುತ್ತಿದ್ದರು. ಹಳ್ಳ ಬತ್ತಿ, ಕರೆಂಟು ಸೊರಗಿ, ಸುತ್ತಲಿನವರೆಲ್ಲ ಒಟ್ಟಿಗೇ ನೀರು ಹಾಯಿಸಲು ಶುರುಮಾಡುವ ಕಾಲ ಅದು. ಮೋಟಾರುಗಳು ಸುಡುವುದೂ ಆಗಲೇ. ಸುತ್ತಿ ಮುಗಿದದ್ದಕ್ಕೆ ವಾರ್ನಿಷ್ ಹೊಯ್ದು ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಹಿಂದುಗಡೆ, ಬಾವಿಕಟ್ಟೆಯ ಆಚೆ, ಅಜ್ಜನ ಅಪ್ಪ ನೆಟ್ಟ ಸುರಗಿ ಮರ. ನಡುಮನೆಯಲ್ಲಿ ಎರಡೂ ವಾಸನೆ ಕೂಡಿ ಮೂರನೆಯದೊಂದು ಹುಟ್ಟುತ್ತಿತ್ತು. ಅದು ನನ್ನ ಬಟ್ಟೆ, ಪುಸ್ತಕ, ಟಿಫಿನ್ ಡಬ್ಬಿ ಎಲ್ಲಕ್ಕೂ ಹತ್ತಿಕೊಂಡಿರುತ್ತಿತ್ತು. ಕಾಲೇಜಿನಲ್ಲಿ ಪಕ್ಕ ಕೂರುವ ಗೆಳತಿ, ಕಣ್ಣು ಮುಚ್ಚಿಕೊಂಡಿದ್ದರೂ ನೀನು ಬಂದದ್ದು ಗೊತ್ತಾಗುತ್ತದೆ ಅನ್ನುತ್ತಿದ್ದಳು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ನಾನೀಗ ಬರೆಯುತ್ತಿರುವುದು ಡಿಗ್ರಿಯ ಮೊದಲ ವರ್ಷದ ವಸಂತದ ಬಗ್ಗೆ. ನನ್ನ ಅಮ್ಮ ಮನೆಗಾಗಿ ಮಾಡಿದ ಕೆಲಸಗಳನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಆದರೆ ಯಾರಾದರೂ ನಿನ್ನ ಅಮ್ಮ ಎಂಥವಳು ಎಂದು ಕೇಳಿದರೆ, ನಾನು ಎದೆಯುಬ್ಬಿಸಿ ಹೇಳುವುದು ಆ ವರ್ಷ ಅವಳು ಮಾಡದೆ ಬಿಟ್ಟ ಒಂದು ಕೆಲಸವನ್ನು.

ಹೈಸ್ಕೂಲಿನಿಂದಲೂ ನನಗೆ ದಿನಚರಿ ಬರೆಯುವ ಚಟ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಹೆಚ್ಚು. ಬೇಲಿಯ ದಾಸವಾಳದಲ್ಲಿ ಇವತ್ತು ಎಷ್ಟು ಹೂ, ಎದುರುಮನೆಯ ಮಾವು ಯಾವ ದಿನ ಹೂ ಬಿಟ್ಟಿತು, ಕಾಲೇಜು ದಾರಿಯ ಹಾಲುವಾಣ ಕಳೆದ ವರ್ಷಕ್ಕಿಂತ ಮುಂಚೆಯೋ ತಡವೋ, ಇಂಥವು. ಅಪ್ಪ ನನ್ನನ್ನು ಶಾನುಭೋಗ್ರು ಎಂದು ಕರೆಯುತ್ತಿದ್ದರು. ಆ ವರ್ಷ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದವರು ಮದುವೆ ಕೆಲಸಕ್ಕೆ ಹೊಸ ಕ್ಯಾಮೆರಾ ಕೊಂಡರು. ಹಳೆಯದನ್ನು ಅಪ್ಪ ಕೇಳಿ ತಂದರು. ಮೂಲೆಯಲ್ಲಿ ರಬ್ಬರು ಕಿತ್ತುಹೋಗಿತ್ತು, ಅಲ್ಲಿಗೆ ಅಪ್ಪ ಮೋಟಾರಿನ ಕಪ್ಪು ಟೇಪು ಸುತ್ತಿದರು. ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿಯನ್ನು ಅಮ್ಮ ತನ್ನ ಹಳೆಯ ಬ್ಯಾಗಿನ ಹಿಡಿಕೆ ಬಿಚ್ಚಿ ಹೊಲಿದುಕೊಟ್ಟಳು. ಅಲ್ಲಿಂದ ಮುಂದೆ ನಾನು ಹೂಗಳನ್ನು ಬರೆದಿಟ್ಟುಕೊಳ್ಳುವುದರ ಜೊತೆಗೆ ಹಿಡಿದಿಟ್ಟುಕೊಳ್ಳಲೂ ಶುರುಮಾಡಿದೆ.

ಸುರಗಿಯ ವಿಷಯವನ್ನು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದನ್ನು ಅರಳುವ ಮೊದಲು, ಮೊಗ್ಗಿನಲ್ಲೇ ಕೊಯ್ಯಬೇಕು, ಅದೂ ಬೆಳಕು ಹರಿಯುವುದರೊಳಗೆ. ಅರಳಿದ ಮೇಲೆ ಕೈ ಹಾಕಿದರೆ ಎಸಳು ಕೈಗೇ ಉದುರುತ್ತದೆ. ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ದಂಡೆ ಮಾಡಿ ನೆರಳಲ್ಲಿ ಒಣಗಿಸಿದರೆ ಅದರ ಪರಿಮಳ ವರ್ಷ ಕಳೆದರೂ ಹೋಗುವುದಿಲ್ಲ. ಮುಡಿಯುವ ಹೊತ್ತಿಗೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು. ನಮ್ಮ ಮನೆಯಲ್ಲಿ ಆ ಒಂದು ತಿಂಗಳು ಎಲ್ಲರೂ ಕತ್ತಲಲ್ಲೇ ಏಳಬೇಕಿತ್ತು. ಅಪ್ಪ ತಲೆಗೆ ಟಾರ್ಚು ಕಟ್ಟಿಕೊಂಡು ಮರ ಹತ್ತುತ್ತಿದ್ದರು. ಬುಡದಲ್ಲಿ ಅಮ್ಮ ಹಳೇ ಸೀರೆ ಹಾಸಿರುತ್ತಿದ್ದಳು. ಅಪ್ಪನ ಅಮ್ಮ, ಅಂದರೆ ಅಜ್ಜಿ, ಅಡುಗೆಮನೆಯ ಹಿಂಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಅಲ್ಲಿಂದಲೇ ಒಂದೊಂದು ಕೊಂಬೆಯನ್ನೂ ಆಳುತ್ತಿದ್ದಳು.

"ಬಲಗಡೆ ಗೆಲ್ಲು ನೋಡ್ದೇನಾ? ಅದ್ರ ಹಿಂದೆ ಇದ್ದೇ ಇರ್ತಾವೆ."

"ನೋಡ್ದೆ ಅಬ್ಬೆ."

"ನೋಡ್ದೆ ಅಂತೀಯ, ಬಿಡ್ತೀಯ. ಬಿಸಿಲು ಬಿತ್ತು ಅಂದ್ರೆ ಅದು ನಮ್ದಲ್ಲ, ಜೇನಿಂದು."

ಹೀಗೆ ಕೊಯ್ದ ಮೊಗ್ಗು ಯಾರಿಗೆ ಎಂಬುದೂ ಮೊದಲೇ ಗೊತ್ತಾಗಿತ್ತು. ಈ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ತವರಿನ ಮರದ ದಂಡೆ ಪ್ರತಿ ವಸಂತಕ್ಕೂ ಹೋಗಲೇಬೇಕು. ಅಪ್ಪನ ಅಕ್ಕ ನರಸಿಂಹರಾಜಪುರದಲ್ಲಿದ್ದರು, ಅವರನ್ನು ನಾವು ಪುರದತ್ತೆ ಅನ್ನುತ್ತಿದ್ದೆವು. ತಂಗಿ ಶೃಂಗೇರಿಯಲ್ಲಿ. ಇಬ್ಬರಿಗೂ ಮುಡಿಯಲು ಒಂದು ದಂಡೆ, ಸೀರೆಗಳ ನಡುವೆ ಇಡಲು ಒಂದು. ಆಮೇಲೆ ಅಜ್ಜಿಗೆ, ದೇವರಿಗೆ. ಕಟ್ಟುವವಳು ಮಾತ್ರ ಅಮ್ಮ ಒಬ್ಬಳೇ. ಬೆಳಿಗ್ಗೆ ದೋಸೆ ಹುಯ್ದು ಮುಗಿಸಿ ಕೂತರೆ ಮಧ್ಯಾಹ್ನದ ಅನ್ನಕ್ಕೆ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಅವಳ ಪಾಲಿಗೆ ಬರುತ್ತಿದ್ದುದು ತೊಟ್ಟು ಮುರಿದು ಕಟ್ಟಲಾಗದ ಮೊಗ್ಗುಗಳು. ಅವನ್ನು ಒಂದು ಬಟ್ಟಲಿಗೆ ಹಾಕಿ ದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಅವಳು ಇದಕ್ಕೆ ಬೇಸರಪಟ್ಟದ್ದನ್ನು ನಾನು ಕಂಡಿರಲಿಲ್ಲ. ಅವಳ ದಂಡೆ ಎಷ್ಟು ಒತ್ತಾಗಿ, ಸಮವಾಗಿ ಇರುತ್ತಿತ್ತೆಂದರೆ ಶೃಂಗೇರಿಯ ಅತ್ತೆ ಅದನ್ನು ಮುಡಿದುಕೊಂಡು ಹೋದ ಮದುವೆಗಳಲ್ಲಿ ಜನ ಯಾರು ಕಟ್ಟಿದ್ದು ಎಂದು ಕೇಳುತ್ತಿದ್ದರಂತೆ. ಆ ಮಾತು ನಮ್ಮ ಮನೆಗೆ ಬಂದ ದಿನ ಅಮ್ಮನ ನಡಿಗೆಯೇ ಬೇರೆ ಇರುತ್ತಿತ್ತು.

ಭಾನುವಾರ ನಾನು ಅಪ್ಪನ ಸ್ಕೂಟರಿನ ಹಿಂದೆ ಕೂತು ಹೊರಡುತ್ತಿದ್ದೆ. ರಿಪೇರಿಯಾದ ಮೋಟಾರು ಕಾಲ ಹತ್ತಿರ, ಕ್ಯಾಮೆರಾ ನನ್ನ ಕುತ್ತಿಗೆಯಲ್ಲಿ. ಅಪ್ಪ ಮೋಟಾರು ಕೂರಿಸಿ, ನೀರು ಬರುವವರೆಗೆ ಕಾದು ನೋಡುವ ಹೊತ್ತು ನನ್ನದು. ಒಂದು ಭಾನುವಾರ ಕಮ್ಮರಡಿಯ ಆಚೆ ಒಬ್ಬರ ತೋಟಕ್ಕೆ ಹೋದೆವು. ಹೂಮಳೆ ಬಾರದೆ ಅವರು ಸ್ಪ್ರಿಂಕ್ಲರ್ ಹಾಕಿಸಿ ಕಾಫಿಯನ್ನು ಅರಳಿಸಿದ್ದರು. ಇನ್ನೊಂದು ಪಟ್ಟಿಗೆ ನೀರು ಹಾಯಿಸುವಾಗ ಪಂಪು ಸುಟ್ಟಿತ್ತು. ಅರ್ಧ ತೋಟ ಬೆಳ್ಳಗೆ, ಅರ್ಧ ಹಸಿರು. ನಾನು ಆ ಗಡಿಯಲ್ಲಿ ನಿಂತು ಒಂದೇ ಸಮ ಕ್ಲಿಕ್ಕಿಸುತ್ತಿದ್ದೆ. ತೋಟದ ಯಜಮಾನರು ಅಪ್ಪನತ್ತ ತಿರುಗಿದರು.

"ಎಂತ ಮಾರಾಯ, ನಿನ್ ಮಗಳು ಹೂವಿಂದು ಫೋಟೊ ತೆಗೆಯೋದ, ಹೂವಾಗದೇ ಇದ್ದಿದ್ದ್ರದ್ದ?"

"ಎರಡೂ ತೆಗೀತಾಳೆ. ಅವ್ಳು ಶಾನುಭೋಗ್ರು. ಬಿಟ್ಟಿದ್ದಕ್ಕೂ ಲೆಕ್ಕ ಇಡ್ತಾಳೆ."

"ಹಂಗಾರೆ ನೀನು ಬೇಗ ಮೋಟಾರು ಕೂರ್ಸು. ನನ್ ಮರ್ಯಾದೆ ಹೋಗೋದು ಫೋಟೊದಲ್ಲಿ ಬ್ಯಾಡ."

ಮತ್ತೊಂದು ಭಾನುವಾರ ಶೃಂಗೇರಿ. ಅಪ್ಪ ಅತ್ತೆಯ ಮನೆಯ ಪಂಪು ನೋಡುವಷ್ಟರಲ್ಲಿ ನಾನು ಹೊಳೆಗೆ ಇಳಿದು, ನೀರಿನ ಮೇಲೆ ಉದುರಿ ಬಿದ್ದಿದ್ದ ಹೊಂಗೆ ಹೂವನ್ನು ಮೀನುಗಳು ಮೂಸಿ ಬಿಡುವುದನ್ನು ತೆಗೆದೆ. ಹೀಗೆ ತಂದದ್ದನ್ನೆಲ್ಲ ರಾತ್ರಿ ಊಟವಾದ ಮೇಲೆ ಟೀವಿಗೆ ಚುಚ್ಚಿ ಎಲ್ಲರಿಗೂ ತೋರಿಸುವುದು ನಮ್ಮ ಮನೆಯ ಹೊಸ ಪದ್ಧತಿಯಾಯಿತು. ಅಜ್ಜಿ ಹೂವನ್ನು ಬಿಟ್ಟು ಬೇರೆ ಎಲ್ಲವನ್ನೂ ನೋಡುತ್ತಿದ್ದಳು: ಯಾರ ಬೇಲಿ ಬಿದ್ದಿದೆ, ಯಾರ ಅಂಗಳಕ್ಕೆ ಸಿಮೆಂಟು ಬಂದಿದೆ. ಅಮ್ಮ ಮಡಿಲಲ್ಲಿ ಮೊಗ್ಗು ಇಟ್ಟುಕೊಂಡು ಕಟ್ಟುತ್ತಲೇ ತಲೆ ಎತ್ತಿ ಎತ್ತಿ ನೋಡುತ್ತಿದ್ದಳು. ಆ ತಿಂಗಳು ಅವಳು ಮನೆ ಬಿಟ್ಟು ಕದಲುವಂತಿರಲಿಲ್ಲ. ಅವಳು ನೋಡಿದ ಆ ವರ್ಷದ ಊರುಕೇರಿಯೆಲ್ಲ ಟೀವಿಯಲ್ಲಿ ಕಂಡದ್ದೇ.

ಮುತ್ತಿನಕೊಪ್ಪದ ಕಡೆಯ ಫೋಟೊ ತಂದ ದಿನ ಅಮ್ಮನ ಕೈ ನಿಂತಿತು. ಮುತ್ತಿನಕೊಪ್ಪ ಅವಳ ತವರು. ಗದ್ದೆಯ ಬದುವಿನಲ್ಲಿ ಎಲೆಯೆಲ್ಲ ಕಳಚಿ ಬರೀ ಕೆಂಪಾಗಿ ನಿಂತ ಮುತ್ತುಗದ ಮರವನ್ನು ನಾನು ಬಸ್ಸು ಹೋಗುವ ರಸ್ತೆಯಿಂದಲೇ ತೆಗೆದಿದ್ದೆ.

"ಅದು ನಮ್ಮನೆ ಗದ್ದೆ ಮರ ಕಣೆ," ಎಂದಳು ಅಮ್ಮ. "ಅದ್ರ ಕೆಳಗೆ ಕೂತು ಊಟದೆಲೆ ಹಚ್ತಿದ್ವಿ. ಮದ್ವೆ ಆದ್ಮೇಲೆ ಅದು ಹೂ ಬಿಟ್ಟಿದ್ದು ನೋಡೇ ಇರ್ಲಿಲ್ಲ."

"ಯಾಕಮ್ಮ?"

"ಅದು ಹೂ ಬಿಡೋ ಹೊತ್ತಿಗೆ ಇಲ್ಲಿ ಸುರಗಿ ಅಲ್ವನೆ."

ಅಮ್ಮನೇ ಮುಂದುವರಿಸಿದಳು.

"ಎಲ್ಲಾ ಹೂವಿನ ಫೋಟೊ ತಂದೆ. ನಮ್ಮ ಸುರಗೀದು ಎಲ್ಲಿ?"

ನಾನು ದಂಡೆಯ ಫೋಟೊ, ಸೀರೆ ತುಂಬ ಹರವಿದ ಮೊಗ್ಗಿನ ಫೋಟೊ ಎಲ್ಲ ತೋರಿಸಿದೆ.

"ಅದಲ್ಲ. ಮರದಲ್ಲಿ ಅರಳಿದ್ದು."

ಅಂಥ ಫೋಟೊ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಒಂದೂ ಮೊಗ್ಗು ಬಿಡದಂತೆ ಕೊಯ್ಯುವುದೇ ಈ ಮನೆಯ ಹೆಮ್ಮೆ. ಕೈಗೆ ಸಿಗದ ತುದಿಯಲ್ಲಿ ಅರಳಿದ್ದೇನಾದರೂ ಇದ್ದರೆ ಅದು ನೆಲದಿಂದ ಕಾಣುವಷ್ಟು ಹತ್ತಿರವಿರಲಿಲ್ಲ. ಉದುರಿ ಬಿದ್ದಾಗ ಬಾಡಿರುತ್ತಿತ್ತು. ಇಷ್ಟು ವರ್ಷ ಆ ಹೂವನ್ನು ಕಟ್ಟಿದವಳು ಅದು ಅರಳಿ ನಿಂತದ್ದನ್ನು ಕಂಡಿರಲಿಲ್ಲ. ಅಮ್ಮ ಮಡಿಲಿನ ಮೊಗ್ಗುಗಳನ್ನು ಬುಟ್ಟಿಗೆ ಸುರಿದು, ಅಪ್ಪನ ಮುಖ ನೋಡಿ ಹೇಳಿದಳು.

"ಬಾವಿ ಕಡೆ ಚಾಚಿದೆಯಲ್ಲ, ಆ ಗೆಲ್ಲು ಈ ಸಲ ಕೊಯ್ಯೋದು ಬ್ಯಾಡ. ಅದು ಅರಳ್ಲಿ. ನಾನು ನೋಡ್ಬೇಕು."

ಜಗಳ ಶುರುವಾದದ್ದು ಮಾರನೆಯ ದಿನ. ಪುರದತ್ತೆಯ ಮಗಳ ನಿಶ್ಚಿತಾರ್ಥ ಯುಗಾದಿಯಾದ ಮೇಲೆ ಎಂದು ಗೊತ್ತಾಗಿತ್ತು. ಅತ್ತೆ ಅಮ್ಮನಿಗೆ ಫೋನು ಮಾಡಿದರು. ಅಜ್ಜಿಗೆ ಕಿವಿ ಮಂದವಾದ್ದರಿಂದ ನಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುತ್ತಿತ್ತು.

"ರತ್ನಾ, ಹುಡುಗಿ ಜಡೆಗೆ ಐದು ಮೊಳ ಬೇಕು ನೋಡು. ಮಲ್ಲಿಗೆ ಎಲ್ರೂ ಮುಡೀತಾರೆ. ಗಂಡಿನ ಕಡೆಯವ್ರು ಇದ್ಯಾವ ಹೂವು ಅಂತ ಕೇಳ್ಬೇಕು."

"ನಾಲ್ಕು ಕೊಡ್ತೀನಿ ಅತ್ತಿಗೆ. ಐದು ಆಗಲ್ಲ ಈ ಸಲ."

"ಆಗಲ್ಲ ಅಂದ್ರೆ ಎಂತದು? ಮರ ಕಾಯಿಲೆ ಬಿದ್ದಿದ್ಯಾ?"

"ಮರ ಚೆನ್ನಾಗಿದೆ. ಒಂದು ಗೆಲ್ಲು ಕೊಯ್ತಿಲ್ಲ. ಅರಳೋದಕ್ಕೆ ಬಿಟ್ಟಿದೀನಿ."

ಆಮೇಲೆ ಅತ್ತೆ, ಅಮ್ಮನನ್ನು ಬಿಟ್ಟು ಅಜ್ಜಿಯನ್ನು ಕರೆದರು.

"ಅಬ್ಬೇ, ಕೇಳಿಸ್ತಾ? ಮನೆ ಮಗಳ ಮಗಳಿಗಿಂತ ಜೇನ್ನೊಣ ಹೆಚ್ಚಾಯ್ತಂತೆ ನಿನ್ ಸೊಸೆಗೆ."

ಅಜ್ಜಿಗೆ ಚೆನ್ನಾಗಿಯೇ ಕೇಳಿಸಿತ್ತು. ಫೋನು ಇಟ್ಟ ಮೇಲೆ ಅವಳು ಅಮ್ಮನಿಗೆ ಹೇಳಿದ್ದು ಸ್ವಲ್ಪವೇ. ಈ ಮನೆಯಿಂದ ಹೆಣ್ಣುಮಕ್ಕಳಿಗೆ ಕಡಿಮೆ ಹೋದದ್ದಿಲ್ಲ, ತನ್ನ ಅತ್ತೆಯ ಕಾಲದಲ್ಲೂ ಹೋಗಿಲ್ಲ, ತನ್ನ ಕಾಲದಲ್ಲೂ ಇಲ್ಲ. ಅಮ್ಮ ಎದುರು ಮಾತಾಡುವವಳಲ್ಲ. ಮಜ್ಜಿಗೆಗೆ ಒಗ್ಗರಣೆ ಹಾಕುತ್ತಾ ನಿಂತಿದ್ದಳು, ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಸಾಸಿವೆ ಸಿಡಿದು ಮುಗಿದ ಮೇಲೆ ಹೇಳಿದಳು: "ಎಲ್ಲ ಗೆಲ್ಲೂ ಅವ್ರಿಗೇ ಅತ್ತೆ. ಆ ಒಂದು ನಂದು." ಅಷ್ಟೇ. ಅಜ್ಜಿ ಮಜ್ಜಿಗೆ ಹಾಕಿಸಿಕೊಳ್ಳದೆ ಊಟ ಮುಗಿಸಿದಳು. ಅಂದಿನಿಂದ ಅಮ್ಮನ ಜೊತೆ ಅವಳ ಮಾತು ನನ್ನ ಮೂಲಕ ನಡೆಯಿತು: ಉಪ್ಪು ಕಡಿಮೆ ಅಂತ ಹೇಳು, ಹಾಲಿನವ ಬಂದ ಅಂತ ಹೇಳು. ನಾನೂ ಅಪ್ಪನೂ ಆ ಎರಡು ಪಕ್ಷಗಳ ನಡುವೆ ತಟ್ಟೆ ಹಿಡಿದು ಓಡಾಡಿದೆವು. ಅಪ್ಪ ಅಮ್ಮನ ಕಡೆ ಎಂದು ನನಗೆ ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗೆ ಮೋಟಾರಿನ ವಿಷಯದಲ್ಲಿ ಮಾತ್ರ.

ಬಾವಿ ಕಡೆಯ ಗೆಲ್ಲಿನಲ್ಲಿ ಮೊಗ್ಗು ದಿನದಿಂದ ದಿನಕ್ಕೆ ದಪ್ಪವಾದವು. ಕಡ್ಡಿಗೆ ಅಂಟಿಕೊಂಡು ಗೊಂಚಲು ಗೊಂಚಲಾಗಿ, ಉರುಟಾಗಿ, ನಸುಗೆಂಪಾಗಿ. ಸಂಜೆ ಕಾಲೇಜಿನಿಂದ ಬಂದವಳೇ ನಾನು ಏಣಿ ಹತ್ತಿ ನೋಡುತ್ತಿದ್ದೆ. ಒಂದು ಸಂಜೆ ಅಮ್ಮನಿಗೆ ಕೂಗಿ ಹೇಳಿದೆ, ನಾಳೆ ಬೆಳಿಗ್ಗೆ ಇವು ತಡೆಯುವುದಿಲ್ಲ ಎಂದು. ಕ್ಯಾಮೆರಾದ ಬ್ಯಾಟರಿ ಚಾರ್ಜಿಗಿಟ್ಟು ಮಲಗಿದೆ. ಬೆಳಿಗ್ಗೆ ಎಂದಿನಂತೆ ಕತ್ತಲಲ್ಲಿ ಅಪ್ಪ ಮರ ಹತ್ತಿದರು. ಹಿಂದಿನ ದಿನವೆಲ್ಲ ಒಂದೇ ಸಮ ವೈಂಡಿಂಗ್ ಮಾಡಿದವರು, ಅರ್ಧ ನಿದ್ದೆಯಲ್ಲಿದ್ದರು. ಬುಟ್ಟಿ ಇಳಿಸಿದಾಗ ಅಮ್ಮ ಅದನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು. ಮೊಗ್ಗು ಎಂದಿಗಿಂತ ಹೆಚ್ಚಿದ್ದವು. ಅಮ್ಮ ಟಾರ್ಚನ್ನು ಬಾವಿಯ ಕಡೆಗೆ ತಿರುಗಿಸಿದಳು. ಗೆಲ್ಲು ನುಣ್ಣಗಿತ್ತು.

"ಅಯ್ಯೋ," ಎಂದರು ಅಪ್ಪ ಮರದ ಮೇಲಿಂದಲೇ. "ಕೈಗೆ ಕೊಯ್ದು ಕೊಯ್ದು ಅಭ್ಯಾಸ ಆಗಿದೆ ಮಾರಾಯ್ತಿ. ನಾನು ಕೊಯ್ದಿದ್ದೇ ಗೊತ್ತಿಲ್ಲ."

ಅಮ್ಮ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಒಳಗೆ ಹೋದಳು. ಹಿಂಬಾಗಿಲಲ್ಲಿ ಅಜ್ಜಿ ಮಣೆಯನ್ನು ಸ್ವಲ್ಪ ಸರಿಸಿ ದಾರಿ ಬಿಟ್ಟಳು. ಅಪ್ಪ ಮರದಿಂದ ಇಳಿದು, ಪೆಟ್ಟು ತಿಂದವರಂತೆ ಬುಡದಲ್ಲೇ ಕೂತರು. ನಾನು ಟಾರ್ಚು ತೆಗೆದುಕೊಂಡು ಏಣಿ ಹತ್ತಿದೆ. ಗೆಲ್ಲಿನ ಒಳಗಡೆ, ಕಾಂಡದ ಹತ್ತಿರ, ಇನ್ನೂ ಸಣ್ಣ ಮೊಗ್ಗುಗಳ ಇನ್ನೊಂದು ಸಾಲು ಇತ್ತು. ಅಪ್ಪನಿಗೆ ಹೇಳಿದೆ. ಅವರು ಶೆಡ್ಡಿಗೆ ಹೋಗಿ, ಕಾಯಿಲ್ ಬಿಗಿಯಲು ಇಟ್ಟಿದ್ದ ಬಿಳಿ ನೂಲಿನ ಟೇಪನ್ನು ತಂದರು. ಗೆಲ್ಲಿನ ಬುಡದಿಂದ ಮೊಗ್ಗಿರುವವರೆಗೆ, ತಾಮ್ರದ ತಂತಿಗೆ ಸುತ್ತುವಷ್ಟೇ ಒಪ್ಪವಾಗಿ, ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು ಸುತ್ತು ಕೂರಿಸಿ ಗಂಟು ಹಾಕಿದರು. "ಇನ್ನು ಕಣ್ಣು ಮಲಗಿದ್ರೂ ಕೈಗೆ ಗೊತ್ತಾಗತ್ತೆ," ಎಂದರು. ಅಡುಗೆಮನೆಯ ಕಿಟಕಿಯಿಂದ ಅಮ್ಮ ಅದನ್ನು ನೋಡಿ ನಕ್ಕಳು. ಪೆಟ್ಟಾದ ಕಾಲಿಗೆ ಬ್ಯಾಂಡೇಜು ಕಟ್ಟಿದ ಹಾಗಿತ್ತು ಆ ಮರ.

ಯುಗಾದಿಗೆ ಇನ್ನು ಕೆಲವೇ ದಿನಗಳಿದ್ದವು. ಉಳಿದ ಗೆಲ್ಲುಗಳಲ್ಲಿ ಹೂ ಮುಗಿಯುತ್ತಾ ಬಂದಿತ್ತು. ಟೇಪು ಸುತ್ತಿದ ಗೆಲ್ಲಿನ ಮೊಗ್ಗು ಅರಳಲು ತಯಾರಾದ ಬೆಳಿಗ್ಗೆ ಅಪ್ಪ ಮರ ಹತ್ತಲಿಲ್ಲ. ಅಮ್ಮ ಮಿಂದು, ಒದ್ದೆ ಕೂದಲಿಗೆ ಟವೆಲು ಸುತ್ತಿ, ಸೆರಗು ಸಿಕ್ಕಿಸಿ, ಏಣಿಯ ಬುಡಕ್ಕೆ ಬಂದಳು. ನಾನು ಕ್ಯಾಮೆರಾ ಹಿಡಿದು ಮೊದಲು ಹತ್ತಲು ಹೊರಟಿದ್ದೆ. "ನೀ ಕೆಳಗಿರು," ಎಂದು ಅವಳೇ ಹತ್ತಿದಳು. ಅಮ್ಮ ಏಣಿ ಹತ್ತಿದ್ದನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. ಅಪ್ಪ ಎರಡೂ ಕೈಯಲ್ಲಿ ಏಣಿ ಹಿಡಿದರು. ಬೆಳಕು ನಿಧಾನವಾಗಿ ಬಂತು. ಮೊದಲು ಒಂದು ಮೊಗ್ಗಿನ ಮೇಲೆ ಸಣ್ಣ ಬಿರುಕು ಕಂಡಿತು. ಆಮೇಲೆ ಹೊರಗಿನ ಸಿಪ್ಪೆ ಹಿಂದಕ್ಕೆ ಮಡಿಚಿ, ಬಿಳಿ ಎಸಳು ನಾಲ್ಕೂ ಬಿಚ್ಚಿಕೊಂಡು, ಒಳಗಿನ ಹಳದಿ ಕೇಸರ ಒಮ್ಮೆಗೇ ಎದ್ದು ನಿಂತಿತು. ಅದರ ಪಕ್ಕದ್ದು, ಅದರಾಚೆಯದು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಆ ಸಾಲು ಪೂರ್ತಿ ಹಳದಿ ಬಿಳಿಯಾಗಿ, ಟೇಪು ಯಾವುದು ಹೂ ಯಾವುದು ಹೇಳಲಾಗದಂತಾಯಿತು. ದಂಡೆಯಲ್ಲಿ ನಾವು ಮೂಸುತ್ತಿದ್ದುದು ಈ ಪರಿಮಳದ ಒಣಗಿದ ತುಂಡು ಎಂದು ನನಗೆ ಅವತ್ತು ತಿಳಿಯಿತು. ಬಿಸಿಲು ತಾಗಿದ್ದೇ ಜೇನುಗಳು ಬಂದವು. ಹತ್ತಲ್ಲ, ಇಪ್ಪತ್ತಲ್ಲ, ನಾನು ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಅವುಗಳ ಝೇಂಕಾರಕ್ಕೆ ಅಪ್ಪ ಕಿವಿಗೊಟ್ಟು ನಿಂತರು.

"ಕೇಳು ಕೇಳು. ಇದು ಒಳ್ಳೆ ತ್ರೀ ಫೇಸು ಮೋಟಾರು. ಎಲ್ಲೂ ಒಂದು ಎಳೆ ಹೆಚ್ಚು ಕಮ್ಮಿ ಇಲ್ಲ."

"ಇಳೀತೀಯನೆ ಅಮ್ಮ? ಕಚ್ತಾವೆ," ಎಂದೆ ನಾನು.

"ಅವಕ್ಕೆ ಪುರುಸೊತ್ತೆಲ್ಲಿದೆ," ಎಂದಳು ಅಮ್ಮ. "ನೀನು ಫೋಟೊ ತೆಗಿ."

ನಾನು ತೆಗೆದೆ. ಹೂವಿನದು ಎಷ್ಟು ತೆಗೆದೆನೋ, ಅದಕ್ಕಿಂತ ಹೆಚ್ಚು ಏಣಿಯ ತುದಿಯಲ್ಲಿ ನಿಂತವಳದು. ಟವೆಲು ಜಾರಿ ಒದ್ದೆ ಕೂದಲು ಬೆನ್ನ ಮೇಲೆ ಬಿದ್ದಿದೆ. ಕೈ ಯಾವುದನ್ನೂ ಕೊಯ್ಯುತ್ತಿಲ್ಲ, ಯಾವುದನ್ನೂ ಕಟ್ಟುತ್ತಿಲ್ಲ; ಗೆಲ್ಲಿನ ಮೇಲೆ ಸುಮ್ಮನೆ ಇದೆ. ಅವಳು ಕ್ಯಾಮೆರಾ ನೋಡಿ ನಗುತ್ತಿರುವ ಫೋಟೊ ಒಂದೂ ಇಲ್ಲ, ಅವಳಿಗೆ ನಾನು ಅಲ್ಲಿದ್ದದ್ದೇ ಮರೆತುಹೋಗಿತ್ತು. ಅವತ್ತು ದೋಸೆ ಅಪ್ಪ ಹುಯ್ದರು. ಅಜ್ಜಿಗೆ ನಾನು ತಟ್ಟೆ ಕೊಂಡೊಯ್ದೆ. ಅವಳು ಒಲೆಯ ಪಕ್ಕ ಕೂತಿದ್ದಳು, ಮಣೆ ಆ ದಿನ ಹಿಂಬಾಗಿಲಿಗೆ ಬಂದೇ ಇರಲಿಲ್ಲ. ಫೋಟೊ ತೋರಿಸಲೇ ಎಂದು ಕೇಳಿದೆ. ಬೇಡ ಎಂದಳು.

ಯುಗಾದಿಯ ಮಾರನೆಯ ದಿನ ಬೆಳಗಿನ ಬಸ್ಸಿಗೇ ಪುರದತ್ತೆ ಬಂದಿಳಿದರು. ಹೋಳಿಗೆ ತಿಂದು, ಕೈ ತೊಳೆದು, ನಡುಮನೆಯಲ್ಲಿ ಕೂತು, ದಂಡೆ ತಾ ಎಂದರು. ಅಮ್ಮ ಬಾಳೆಲೆ ಬಿಚ್ಚಿ ಮುಂದಿಟ್ಟಳು. ಆ ವರ್ಷದ ದಂಡೆಯಷ್ಟು ಒತ್ತಾಗಿ ಅಮ್ಮ ಹಿಂದೆಂದೂ ಕಟ್ಟಿರಲಿಲ್ಲ. ಬೆರಳು ತೂರಿಸಲು ಸಂದಿ ಇರಲಿಲ್ಲ. ಅತ್ತೆ ಅದರ ತುದಿಯನ್ನು ಮೊಣಕೈಗೆ ಒತ್ತಿ ಹಿಡಿದು, ನಡುಬೆರಳಿನವರೆಗೆ ಎಳೆದು, ಹೂವಿನಂಗಡಿಯಲ್ಲಿ ಅಳೆಯುವ ಹಾಗೆ ಅಳೆಯತೊಡಗಿದರು. ಅಪ್ಪ ಶೆಡ್ಡಿನಿಂದ ಬಂದು ಬಾಗಿಲಲ್ಲಿ ನಿಂತರು. ಅಜ್ಜಿ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದಳು.

"ಒಂದು ಮೊಳ ಕಮ್ಮಿನೇ ಮಾಡ್ದೆ ನೋಡು," ಎಂದರು ಅತ್ತೆ.

"ಹೌದು ಅತ್ತಿಗೆ," ಎಂದಳು ಅಮ್ಮ. ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. "ಆ ಮೊಳ ಮರದಲ್ಲಿ ಅರಳ್ತು. ನಾನು ನೋಡ್ದೆ."

ಅತ್ತೆ ದಂಡೆಯನ್ನು ಎಲೆಯ ಮೇಲೆ ಬಿಟ್ಟು, ಅಜ್ಜಿಯ ಕಡೆ ತಿರುಗಿದರು. ನ್ಯಾಯ ಹೇಳುವವಳು ಇನ್ನು ಅವಳೇ ಎನ್ನುವಂತೆ ನಾವೆಲ್ಲರೂ ತಿರುಗಿದೆವು. ಅಜ್ಜಿ ಅಡಕತ್ತರಿ ಕೆಳಗಿಟ್ಟಳು.

"ನಾನೂ ನೋಡ್ದೆ," ಎಂದಳು. "ಕಿಟಕಿಯಿಂದ. ಜೇನು ಎದ್ದು ಹೋಗೋವರೆಗೂ ನೋಡ್ದೆ. ನಿಂಗೂ ನೋಡ್ಬೇಕು ಅಂದ್ರೆ ಬರೋ ವರ್ಷ ಹಿಂದಿನ ದಿನವೇ ಬಂದು ಮಲ್ಕೋ. ರತ್ನನ ಗೆಲ್ಲು ಬಸ್ಸಿಗೆಲ್ಲ ಕಾಯಲ್ಲ."